ರಕ್ತ ಕೊಟ್ಟ ಮೇಲೆ, ರಕ್ತ ಹಾಕಿದ ಮೇಲೆ



ರಕ್ತದಾನದ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ವಿಶ್ವ ರಕ್ತದಾನಿಗಳ ದಿನವಾದ ಜೂನ್ 14 ಬಂತೆಂದರೆ ಕಾಲೇಜು ಕಾಲೇಜಿನಲ್ಲೂ ಬ್ಯಾನರ್ ಏಳುತ್ತದೆ, ಎಷ್ಟು ಯೂನಿಟ್ ಸಂಗ್ರಹವಾಯಿತೆಂಬುದು ಮರುದಿನದ ಪತ್ರಿಕೆಯಲ್ಲಿ ಫೋಟೋ ಸಮೇತ ಬರುತ್ತದೆ. ಆ ಯೂನಿಟ್‌ಗಳು ಯಾರ ಮೈ ಸೇರಿದವು, ಸೇರಿದ ಮೇಲೆ ಏನಾಯಿತು, ಕೊಟ್ಟ ಹುಡುಗ ಹುಡುಗಿಯರು ಸಂಜೆ ಮನೆ ಮುಟ್ಟುವಾಗ ಹೇಗಿದ್ದರು ಎಂಬುದು ಪತ್ರಿಕೆಯಲ್ಲಿ ಬರುವುದಿಲ್ಲ. ಎಷ್ಟೋ ಕಡೆ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಇರುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಹೀಗೆ ಬರೆಯದೆ ಉಳಿದದ್ದರ ಬಗ್ಗೆ. ವೈದ್ಯರು ಹೀಮೋವಿಜಿಲೆನ್ಸ್ ಎನ್ನುವ ಕೆಲಸವನ್ನು ನಾನು ರಕ್ತ ನಿಗಾ ಎಂದು ಕರೆಯುತ್ತೇನೆ. ದಾನಿಯ ತೋಳಿನಿಂದ ರೋಗಿಯ ತೋಳಿನವರೆಗೆ, ರೋಗಿ ಮನೆಗೆ ಹೋದ ಮೇಲೂ, ಆದ ತೊಂದರೆಯನ್ನೂ ಆಗಲಿದ್ದು ಕೂದಲೆಳೆಯಲ್ಲಿ ತಪ್ಪಿದ ತೊಂದರೆಯನ್ನೂ ಬರೆದಿಡಬೇಕು. ಎಲ್ಲೆಲ್ಲಿಯೋ ಬರೆದದ್ದನ್ನು ಒಂದೆಡೆ ಕೂಡಿಸಿ ಓದಬೇಕು. ಓದಿದ್ದರಿಂದ ನಡೆಯುವ ರೀತಿ ಬದಲಾಗಬೇಕು. ಕೊನೆಯದು ಆಗದಿದ್ದರೆ ಮೊದಲಿನೆರಡು ಕಾಗದದ ಕೆಲಸವಾಗಿ ಉಳಿಯುತ್ತವೆ.

ರಕ್ತದ ಸುರಕ್ಷತೆ ಎಂದಾಗ ಜನರಿಗೆ ನೆನಪಾಗುವುದು ಪರೀಕ್ಷೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟರು. ನಮ್ಮಲ್ಲಿ 1986ರಲ್ಲಿ ಚೆನ್ನೈನಲ್ಲಿ ಎಚ್‌ಐವಿ ಮೊದಲ ಬಾರಿಗೆ ಪತ್ತೆಯಾದ ಮೇಲೆ, 1989ರಲ್ಲಿ ದಾನಿಗಳ ರಕ್ತಕ್ಕೆ ಆ ಪರೀಕ್ಷೆ ಕಡ್ಡಾಯವಾಯಿತು. ಕಾಮನ್ ಕಾಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ರಾಷ್ಟ್ರಮಟ್ಟದ ಬ್ಲಡ್ ಟ್ರಾನ್ಸ್‌ಫ್ಯೂಷನ್ ಕೌನ್ಸಿಲ್ ಹುಟ್ಟಿದ್ದು ಅದರಿಂದಲೇ, 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾದದ್ದೂ ಅದರಿಂದಲೇ. ಇವತ್ತು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ಪರೀಕ್ಷೆ ಮುಗಿಯದೆ ಯಾವ ಚೀಲವೂ ರಕ್ತ ಕೇಂದ್ರದಿಂದ ಹೊರಬೀಳುವಂತಿಲ್ಲ. ಈ ಪರೀಕ್ಷೆಗಳು ಉಳಿಸಿರುವ ಜೀವಗಳನ್ನು ನಾನು ಒಂದಿಷ್ಟೂ ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅವು ಹೇಳುವುದು ಚೀಲದ ಒಳಗೆ ಏನಿದೆ ಎಂಬುದನ್ನಷ್ಟೆ. ಆ ಚೀಲ ಯಾರ ಮಂಚಕ್ಕೆ ಹೋಗುತ್ತದೆ, ದಾರಿಯಲ್ಲಿ ಎಷ್ಟು ಬಿಸಿಲು ಕಾಯುತ್ತದೆ, ಹಾಕುವಾಗ ಎದುರಿಗೆ ಯಾರಾದರೂ ನಿಂತಿರುತ್ತಾರೆಯೇ ಎಂಬುದನ್ನು ಯಾವ ಪರೀಕ್ಷೆಯೂ ಹೇಳದು.

ಈ ನಿಗಾ ವ್ಯವಸ್ಥೆ ನೋವಿನಿಂದ ಹುಟ್ಟಿತು. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೀಮೋಫೀಲಿಯಾ ಇದ್ದ ನೂರಾರು ಜನ, ಸೋಂಕು ಇದೆಯೆಂಬ ಶಂಕೆ ಗಟ್ಟಿಯಾದ ಮೇಲೂ ಹಂಚಿದ ರಕ್ತೋತ್ಪನ್ನಗಳಿಂದ ಎಚ್‌ಐವಿಗೆ ತುತ್ತಾದರು. ಅಲ್ಲಿನ ರಕ್ತ ಸಂಸ್ಥೆಯ ಮುಖ್ಯಸ್ಥರು ಜೈಲಿಗೆ ಹೋದರು, ಮಂತ್ರಿಗಳು ವಿಚಾರಣೆ ಎದುರಿಸಿದರು. 1993ರಲ್ಲಿ ಫ್ರಾನ್ಸ್ ಕಾನೂನು ಮಾಡಿ ರಕ್ತದ ನಿಗಾವನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನಲ್ಲಿ 1970ರಿಂದ 1990ರ ದಶಕದ ಆರಂಭದವರೆಗೆ 30,000ಕ್ಕೂ ಹೆಚ್ಚು ಜನರಿಗೆ ರಕ್ತ ಮತ್ತು ರಕ್ತೋತ್ಪನ್ನಗಳಿಂದ ಎಚ್‌ಐವಿ, ಹೆಪಟೈಟಿಸ್ ಸಿ ಸೋಂಕು ತಗುಲಿತು. ಸುಮಾರು 3,000 ಜನ ತೀರಿಕೊಂಡರು. ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವರ ವಿಚಾರಣಾ ವರದಿ 2024ರ ಮೇ ತಿಂಗಳಲ್ಲಿ ಹೊರಬಂತು. ಈ ದುರಂತದ ಬಹುಪಾಲನ್ನು ತಡೆಯಬಹುದಿತ್ತು, ನಡೆದದ್ದನ್ನು ದಶಕಗಳ ಕಾಲ ಮುಚ್ಚಿಡಲಾಯಿತು ಎಂದು ಅದು ಸ್ಪಷ್ಟವಾಗಿ ಹೇಳಿತು. ಸತ್ತವರ ಮನೆಯವರು ಈ ಒಂದು ಮಾತಿಗಾಗಿ ನಲವತ್ತು ವರ್ಷ ಕಾದರು. ವೈರಸ್ ಮಾಡಿದ ಹಾನಿಗಿಂತ, ಗೊತ್ತಿದ್ದೂ ಹೇಳದೆ ಹೋದದ್ದು ಅವರನ್ನು ಹೆಚ್ಚು ಸುಟ್ಟಿತು.

ಅದೇ ಬ್ರಿಟನ್ನಿನಲ್ಲಿ 1996ರಲ್ಲಿ ಷಾಟ್ ಎಂಬ ಯೋಜನೆ ಶುರುವಾಯಿತು. ರಕ್ತ ಹಾಕುವುದರಿಂದ ಆದ ಗಂಭೀರ ಅಪಾಯಗಳನ್ನು ಆಸ್ಪತ್ರೆಗಳು ಗೋಪ್ಯವಾಗಿ ವರದಿ ಮಾಡುವುದು, ಅವನ್ನೆಲ್ಲ ತಜ್ಞರು ಓದಿ ವರ್ಷಕ್ಕೊಂದು ವರದಿ ಪ್ರಕಟಿಸುವುದು, ಇಷ್ಟೆ. ಯಾರ ತಪ್ಪು ಎಂದು ಅಲ್ಲಿ ಕೇಳುವುದಿಲ್ಲ, ಏನಾಯಿತು ಎಂದು ಕೇಳುತ್ತಾರೆ. ಇದರಿಂದ ಏನು ಸಾಧ್ಯವಾಯಿತು ಎಂಬುದಕ್ಕೆ ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಇದು.

ಶಸ್ತ್ರಚಿಕಿತ್ಸೆ ಮುಗಿದ ರೋಗಿಗೆ ಪ್ಲಾಸ್ಮಾ ಹಾಕುತ್ತಾರೆ. ಗುಂಪು ಸರಿಯಿದೆ, ಚೀಲ ಶುದ್ಧವಾಗಿದೆ. ಆರು ಗಂಟೆಯೊಳಗೆ ರೋಗಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನ್ಯುಮೋನಿಯಾ ಇರಬೇಕು, ಹೃದಯ ಸೋತಿರಬೇಕು ಎಂದು ಕೇಸ್ ಶೀಟಿನಲ್ಲಿ ಬರೆದು ಮುಗಿಸುವುದು ಸುಲಭ. ಒಬ್ಬ ವೈದ್ಯ ತನ್ನ ಇಡೀ ವೃತ್ತಿಯಲ್ಲಿ ಇಂಥದ್ದನ್ನು ಒಂದೋ ಎರಡೋ ಕಾಣಬಹುದು. ಹಾಕಿದ ಪ್ಲಾಸ್ಮಾದ ಮೇಲೆ ಅನುಮಾನವೇ ಬಾರದು. ದೇಶದ ನಾನಾ ಮೂಲೆಯಿಂದ ಬಂದ ಇಂಥ ಒಂಟಿ ಘಟನೆಗಳು ಷಾಟ್‌ನ ಮೇಜಿನ ಮೇಲೆ ಸಾಲಾಗಿ ಕೂತಾಗ ಒಂದು ಚಿತ್ರ ಮೂಡಿತು. ಇದು ಟ್ರಾಲಿ ಎಂಬ ಪ್ರತಿಕ್ರಿಯೆ. ದಾನಿಯ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು ರೋಗಿಯ ಬಿಳಿ ರಕ್ತಕಣಗಳ ಮೇಲೆ ಎರಗಿ ಶ್ವಾಸಕೋಶವನ್ನು ಹಾಳುಮಾಡುತ್ತವೆ. ಬಹುಪಾಲು ಪ್ರಕರಣಗಳಲ್ಲಿ ಆ ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಬಂದದ್ದು ಮಹಿಳಾ ದಾನಿಗಳಿಂದ. ಬಸಿರಿನಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ತಾಗಿ ಆಕೆಯ ಮೈಯಲ್ಲಿ ಈ ಪ್ರತಿಕಾಯಗಳು ಹುಟ್ಟುತ್ತವೆ. ಆಕೆಗೆ ಅದರಿಂದ ಏನೂ ತೊಂದರೆಯಿಲ್ಲ. ಇಂಗ್ಲೆಂಡಿನ ರಕ್ತ ಸೇವೆ 2003ರ ಕೊನೆಯಿಂದ ರೋಗಿಗಳಿಗೆ ಹಾಕುವ ಪ್ಲಾಸ್ಮಾವನ್ನು ಸಾಧ್ಯವಾದಷ್ಟೂ ಗಂಡಸರ ರಕ್ತದಿಂದಲೇ ತೆಗೆಯತೊಡಗಿತು. ಮಹಿಳೆಯರು ಕೊಟ್ಟ ರಕ್ತದ ಕೆಂಪುಕಣಗಳು ಎಂದಿನಂತೆ ರೋಗಿಗಳಿಗೆ ಹೋಗುತ್ತಿದ್ದವು, ಅವರ ದಾನಕ್ಕೆ ಕುಂದೇನೂ ಬರಲಿಲ್ಲ. ಟ್ರಾಲಿಯ ಪ್ರಕರಣಗಳೂ ಸಾವುಗಳೂ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಗಿ ಇಳಿದವು. ಹೊಸ ಔಷಧ ಬರಲಿಲ್ಲ, ಹೊಸ ಯಂತ್ರ ಬರಲಿಲ್ಲ. ಅಲ್ಲಲ್ಲಿ ಬರೆದಿಟ್ಟ ಕಾಗದಗಳನ್ನು ಒಟ್ಟಿಗೆ ಓದಿದ್ದರಿಂದ ಆದದ್ದು ಇದು.

ಷಾಟ್ ವರದಿಗಳು ವರ್ಷ ವರ್ಷವೂ ಹೇಳುತ್ತ ಬಂದ ಇನ್ನೊಂದು ಸತ್ಯ ಸರಳವಾದದ್ದು, ಅದಕ್ಕೇ ಹೆಚ್ಚು ಕಳವಳದ್ದು. ರಕ್ತದಿಂದಾಗುವ ಹಾನಿಯ ಬಹುದೊಡ್ಡ ಭಾಗ ಸೋಂಕಿನಿಂದಲ್ಲ, ಮನುಷ್ಯರ ಕೈತಪ್ಪಿನಿಂದ. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುತ್ತದೆ. ಒಬ್ಬರ ಸ್ಯಾಂಪಲ್ ಇನ್ನೊಬ್ಬರ ಹೆಸರಿನ ಟ್ಯೂಬಿಗೆ ಹೋಗುತ್ತದೆ. ವರ್ಷಕ್ಕೆ ಸುಮಾರು 20 ಲಕ್ಷ ರಕ್ತ ಘಟಕಗಳು ಬಳಕೆಯಾಗುವ ಆ ದೇಶದಲ್ಲಿ, ಗುಂಪು ಹೊಂದದ ಕೆಂಪುಕಣ ನಿಜವಾಗಿ ರೋಗಿಯ ಮೈಗೆ ಹೋದ ಪ್ರಕರಣಗಳು ಈಚಿನ ವರ್ಷಗಳಲ್ಲಿ ಒಂದಂಕಿಗೆ ಇಳಿದಿವೆ. ಆದರೆ ಟ್ಯೂಬಿನಲ್ಲಿ ಬೇರೆಯವರ ರಕ್ತ ಇದ್ದು, ಲ್ಯಾಬಿನಲ್ಲಿ ಸಿಕ್ಕಿಬಿದ್ದು ತಪ್ಪಿದ ಘಟನೆಗಳು ಇಂದಿಗೂ ವರ್ಷಕ್ಕೆ ಹಲವು ನೂರು ವರದಿಯಾಗುತ್ತವೆ. ಆಗಿಲ್ಲವಲ್ಲ, ಏಕೆ ಬರೆಯಬೇಕು ಎಂದು ಅವರು ಬಿಟ್ಟಿದ್ದರೆ ಒಂದಂಕಿ ಒಂದಂಕಿಯಾಗಿ ಉಳಿಯುತ್ತಿರಲಿಲ್ಲ.

ನಮ್ಮ ಕಡೆ ಬರೋಣ. ನಾನು ಕೆಲಸ ಮಾಡಿದ ಒಂದು ಊರಿನ ಆಸ್ಪತ್ರೆಯಲ್ಲಿ ಕಂಡದ್ದು. ಊರೂ ಬೇಡ, ಹೆಸರುಗಳನ್ನೂ ಬದಲಿಸಿದ್ದೇನೆ. ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು, ಎರಡು ಮಂಚದ ಅಂತರ. ವಯಸ್ಸೂ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ರಕ್ತ ಬೇಕಿತ್ತು. ಸ್ಯಾಂಪಲ್ ರಕ್ತ ಕೇಂದ್ರಕ್ಕೆ ಬಂತು, ಟ್ಯೂಬಿನ ಮೇಲೆ ಲಕ್ಷ್ಮಮ್ಮ, ಐಪಿ ನಂಬರ್, ಎಲ್ಲ ಸರಿ. ಗುಂಪು ಬಿ ಪಾಸಿಟಿವ್ ಎಂದು ಬಂತು. ನಮ್ಮ ತಂತ್ರಜ್ಞ ಹಳೆಯ ರಿಜಿಸ್ಟರ್ ತಿರುವಿ ನೋಡುವ ಅಭ್ಯಾಸದವರು. ಅದೇ ಐಪಿ ನಂಬರಿನ ಲಕ್ಷ್ಮಮ್ಮನಿಗೆ ಮೂರು ದಿನದ ಹಿಂದೆ ಬರೆದಿದ್ದ ಗುಂಪು ಓ ಪಾಸಿಟಿವ್. ವಾರ್ಡಿಗೆ ಫೋನ್ ಮಾಡಿದರು. "ಸಿಸ್ಟರ್, ಈ ಸ್ಯಾಂಪಲ್ ಯಾರ್ದು, ಸ್ವಲ್ಪ ನೋಡ್ತೀರಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರ್, ಆರು ಜನರದ್ದು ಒಟ್ಟಿಗೆ ತೆಗೆದೆ. ಹೆಸರು ಆಮೇಲೆ ಟೇಬಲ್ ಹತ್ರ ಕೂತು ಬರೆದೆ." ಹೊಸ ಸ್ಯಾಂಪಲ್ ತರಿಸಿದರು, ಓ ಗುಂಪಿನ ಚೀಲ ಹೋಯಿತು, ಲಕ್ಷ್ಮಮ್ಮ ಗುಣವಾಗಿ ಮನೆಗೆ ಹೋದರು. ಬಿ ಗುಂಪಿನ ಚೀಲ ಹೋಗಿದ್ದರೆ ಏನಾಗುತ್ತಿತ್ತೆಂದು ಇಲ್ಲಿರುವ ವೈದ್ಯರಿಗೆ ಹೇಳಬೇಕಿಲ್ಲ. ರಕ್ತ ಹೋಗುವ ನರದುದ್ದಕ್ಕೂ ಉರಿ, ಸೊಂಟದಲ್ಲಿ ನೋವು, ಮೂತ್ರ ಕೆಂಪಗೆ, ಬಿಪಿ ಕುಸಿತ, ಕಿಡ್ನಿ ಕೈಕೊಡುವುದು. ಹದಿನೈದು ಇಪ್ಪತ್ತು ಎಂಎಲ್ ಒಳಹೋದರೂ ಇದೆಲ್ಲ ಶುರುವಾಗಬಹುದು.

ಆ ಪ್ರಸಂಗದಲ್ಲಿ ನನ್ನನ್ನು ಇಂದಿಗೂ ಕಾಡುವುದು ಅದರ ಮುಂದಿನ ಭಾಗ. ಗೊತ್ತಾಯಿತಲ್ಲ, ಬಿಡಿ ಎಂದು ಎಲ್ಲರೂ ಸಮಾಧಾನಪಟ್ಟರು. ಬರೆದರೆ ಆ ಹುಡುಗಿಗೆ ಮೆಮೊ ಬರುತ್ತದೆ ಎಂಬ ಕನಿಕರವೂ ಅದರಲ್ಲಿತ್ತು. ಆ ಕನಿಕರ ನಿಜವಾದದ್ದು, ನಾನು ಅದನ್ನು ಗೌರವಿಸುತ್ತೇನೆ. ಆದರೆ ಆರು ಟ್ಯೂಬುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಆಮೇಲೆ ಹೆಸರು ಬರೆಯುವ ರೂಢಿ ಆ ಒಬ್ಬಳದ್ದಾಗಿರಲಿಲ್ಲ, ಇಡೀ ವಾರ್ಡಿನದ್ದು. ರಾತ್ರಿ ಪಾಳಿಯಲ್ಲಿ ನಲವತ್ತು ರೋಗಿಗಳಿಗೆ ಇಬ್ಬರು ದಾದಿಯರಿದ್ದರೆ ಬೇರೆ ಏನು ಮಾಡುತ್ತಾರೆ? ಬರೆದಿದ್ದರೆ ಆ ಪ್ರಶ್ನೆ ಮೇಲಕ್ಕೆ ಹೋಗುತ್ತಿತ್ತು. ಮಂಚದ ಬಳಿಯೇ, ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಅಲ್ಲೇ ಟ್ಯೂಬಿನ ಮೇಲೆ ಬರೆಯಬೇಕೆಂಬ ನಿಯಮ ಗೋಡೆಯಿಂದ ಇಳಿದು ಕೆಲಸಕ್ಕೆ ಬರುತ್ತಿತ್ತು. "ನೀವು ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಿದರೆ ನಿದ್ದೆಗಣ್ಣಿನಲ್ಲಿರುವ ಯಾವ ಅಜ್ಜಿಯೂ ಹೂಂ ಎನ್ನುತ್ತಾಳೆ. "ನಿಮ್ಮ ಹೆಸರೇನಮ್ಮ, ಯಜಮಾನರ ಹೆಸರೇನು, ಯಾವೂರು?" ಎಂದು ಕೇಳಬೇಕು. ನಮ್ಮಲ್ಲಿ ಗಂಡನ ಹೆಸರು ಹೇಳಲು ಹಿಂಜರಿಯುವ ಹಿರಿಯ ಹೆಂಗಸರು ಇನ್ನೂ ಇದ್ದಾರೆ, ಆಗ ಮಗನ ಹೆಸರು ಕೇಳಿ, ಊರು ಕೇಳಿ, ಕೈಗೆ ಕಟ್ಟಿದ ಪಟ್ಟಿ ನೋಡಿ.

ನಮ್ಮ ಭಾಗದ ಲ್ಯಾಬುಗಳು ಮರೆಯಬಾರದ ಇನ್ನೊಂದು ವಿಷಯವಿದೆ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆ ಗುಂಪನ್ನು ಕಂಡುಹಿಡಿದರು. ಕೆಂಪುಕಣವನ್ನಷ್ಟೇ ಪರೀಕ್ಷಿಸಿದರೆ ಇವರು ಓ ಗುಂಪಿನವರಂತೆ ಕಾಣುತ್ತಾರೆ. ಆದರೆ ಓ ರಕ್ತವನ್ನೂ ಅವರ ಮೈ ತಾಳದು. ಪ್ಲಾಸ್ಮಾದ ಕಡೆಯಿಂದಲೂ ಗುಂಪು ನೋಡಿ, ಕ್ರಾಸ್‌ಮ್ಯಾಚ್ ಮಾಡಿದಾಗಲೇ ಅದು ಬಯಲಾಗುವುದು. ತುರ್ತು ಎಂದು ಈ ಹೆಜ್ಜೆ ಹಾರಿಸುವುದು ಬೇಡ.

ಚೀಲ ರಕ್ತ ಕೇಂದ್ರದ ಬಾಗಿಲು ದಾಟಿದ ಮೇಲಿನ ದಾರಿಯ ಬಗ್ಗೆ ಹೇಳಬೇಕು. ಕೆಂಪುಕಣ 2ರಿಂದ 6 ಡಿಗ್ರಿಯಲ್ಲಿ ಇರಬೇಕು. ಹೊರಗೆ ತೆಗೆದ ಅರ್ಧ ಗಂಟೆಯೊಳಗೆ ಹಾಕಲು ಶುರುಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆದರೆ ತಾಲೂಕಿನ ನರ್ಸಿಂಗ್ ಹೋಮಿನಲ್ಲಿರುವ ರೋಗಿಯ ಭಾವಮೈದುನ ಜಿಲ್ಲಾ ಕೇಂದ್ರಕ್ಕೆ ಬಂದು ಚೀಲ ತೆಗೆದುಕೊಂಡು ಬಸ್ಸಿನಲ್ಲಿ ಹೋಗುತ್ತಾನೆ. ಮಂಜುಗಡ್ಡೆಗೆ ನೇರ ತಾಗಿದರೆ ಕಣಗಳು ಒಡೆಯುತ್ತವೆ, ಬಿಸಿಲಿಗೆ ಸಿಕ್ಕರೆ ಕೆಡುತ್ತವೆ. ತಲುಪಿದ ಮೇಲೆ, ತಣ್ಣಗಿದೆ, ರೋಗಿಗೆ ಚಳಿ ಬರುತ್ತದೆ ಎಂದು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಬೆಚ್ಚಗೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಡಿದ ಆಯಾ ಪ್ರೀತಿಯಿಂದಲೇ ಮಾಡಿದ್ದಳು. ಆ ಶಾಖಕ್ಕೆ ಒಡೆದ ಕಣಗಳು ರೋಗಿಯ ಕಿಡ್ನಿಗೆ ಹೋಗುತ್ತವೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಹಾಕಲು ಶುರುಮಾಡಿದ ಮೊದಲ ಹದಿನೈದು ನಿಮಿಷ ನಿಧಾನವಾಗಿ ಬಿಟ್ಟು, ಯಾರಾದರೂ ಎದುರಿಗೆ ಇರಬೇಕು. ದೊಡ್ಡ ಅಪಾಯಗಳು ಸಾಮಾನ್ಯವಾಗಿ ಆಗಲೇ ಮುಖ ತೋರಿಸುತ್ತವೆ. ರೋಗಿ ಚಳಿ ಎಂದರೆ ನಮ್ಮಲ್ಲಿ ಬಹಳ ಕಡೆ ಒಂದು ಅವಿಲ್ ಇಂಜೆಕ್ಷನ್ ಕೊಟ್ಟು, ಕಂಬಳಿ ಹೊದಿಸಿ, ಮತ್ತೆ ಬಿಡುತ್ತಾರೆ. ಮೊದಲು ಮಾಡಬೇಕಾದದ್ದು ನಿಲ್ಲಿಸುವುದು. ಸೂಜಿಯನ್ನು ಹಾಗೇ ಇಟ್ಟು ಸಲೈನ್ ಹಾಕಿ, ಚೀಲದ ಮೇಲಿನ ಹೆಸರನ್ನು ಕೈಪಟ್ಟಿಯ ಹೆಸರಿಗೆ ಮತ್ತೊಮ್ಮೆ ಹೊಂದಿಸಿ ನೋಡಬೇಕು. ಚೀಲ, ಹೊಸ ಸ್ಯಾಂಪಲ್, ಮೂತ್ರ ಮೂರನ್ನೂ ರಕ್ತ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೆಳಕಿಗೆ ಹಿಡಿಯುತ್ತಾರೆ. ಮೇಲೆ ನಿಂತ ಪ್ಲಾಸ್ಮಾ ತಿಳಿಹಳದಿ ಇದ್ದರೆ ಅರ್ಧ ನಿಟ್ಟುಸಿರು. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕಣಗಳು ಒಡೆಯುತ್ತಿವೆ ಎಂದರ್ಥ. ಬರಿಗಣ್ಣಿಗೆ, ಒಂದೇ ನಿಮಿಷದಲ್ಲಿ ಕಾಣುವ ವಿಷಯ. ಅವಿಲ್ ಕೊಟ್ಟು ಸುಮ್ಮನಾದಲ್ಲಿ ಈ ಟ್ಯೂಬನ್ನು ಯಾರೂ ನೋಡುವುದೇ ಇಲ್ಲ.

ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಬ್ರಿಟನ್ನಿನ ಈಚಿನ ವರದಿಗಳಲ್ಲಿ ರಕ್ತ ಹಾಕಿದ್ದಕ್ಕೆ ಸಂಬಂಧಿಸಿದ ಸಾವುಗಳ ಮುಖ್ಯ ಕಾರಣಗಳಲ್ಲಿ ಅದೇ ಮುಂದಿದೆ. ಅದಕ್ಕೆ ಟ್ಯಾಕೊ ಎನ್ನುತ್ತಾರೆ: ಹೃದಯ ತಾಳುವುದಕ್ಕಿಂತ ಹೆಚ್ಚು ರಕ್ತ, ಬೇಗ ಹೋದದ್ದು. ನಲವತ್ತು ಕೇಜಿಯೂ ತೂಗದ ಅಜ್ಜಿ, ವರ್ಷಗಟ್ಟಲೆ ರಕ್ತಹೀನತೆ. ಮೈಯಲ್ಲಿ ಕೆಂಪುಕಣ ಕಡಿಮೆಯೇ ಹೊರತು ದ್ರವ ಕಡಿಮೆಯಿಲ್ಲ. ಹೃದಯ ಆಗಲೇ ದಣಿದಿದೆ. "ದೂರದಿಂದ ಬಂದಿದೀವಿ ಡಾಕ್ಟ್ರೇ, ಎರಡು ಬಾಟ್ಲು ಒಟ್ಗೆ ಹಾಕ್ಸಿಬಿಡಿ" ಎಂದು ಮನೆಯವರು ಕೇಳುತ್ತಾರೆ. ಎರಡನೆಯದು ಅರ್ಧಕ್ಕೆ ಬರುವಾಗ ಅಜ್ಜಿಗೆ ಮಲಗಲಾಗುವುದಿಲ್ಲ, ಎದ್ದು ಕೂತು ಉಸಿರಿಗೆ ಒದ್ದಾಡುತ್ತಾಳೆ. ಒಂದು ಯೂನಿಟ್ ಹಾಕಿ, ನಿಂತು, ನೋಡಿ, ಬೇಕಿದ್ದರಷ್ಟೇ ಇನ್ನೊಂದು. ತೂಕ ನೋಡಿ ಪ್ರಮಾಣ. ಈ ಬುದ್ಧಿಯನ್ನು ಜಗತ್ತಿಗೆ ಕಲಿಸಿದ್ದು ಇಂಥ ಅಜ್ಜಿಯರ ಬಗ್ಗೆ ಬರೆದ ವರದಿಗಳೇ.

ನಮ್ಮ ದೇಶದಲ್ಲಿ ರಕ್ತ ನಿಗಾ ಕಾರ್ಯಕ್ರಮ ಶುರುವಾದದ್ದು 2012ರ ಡಿಸೆಂಬರ್ 10ರಂದು. ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೋಲಾಜಿಕಲ್ಸ್ ಅದರ ಸಮನ್ವಯ ಕೇಂದ್ರ, ಹೀಮೋ-ವಿಜಿಲ್ ಅದರ ತಂತ್ರಾಂಶ. 2015ರ ಜೂನ್ 14ರಂದು ದಾನಿಗಳ ನಿಗಾಕ್ಕೂ ಪ್ರತ್ಯೇಕ ಕಾರ್ಯಕ್ರಮ ಬಂತು. ವರದಿ ಮಾಡುವ ನಮೂನೆ ಚೆನ್ನಾಗಿದೆ. ಪ್ರತಿಕ್ರಿಯೆ ಎಷ್ಟು ತೀವ್ರ, ರಕ್ತಕ್ಕೂ ಅದಕ್ಕೂ ಎಷ್ಟು ಸಂಬಂಧ ಎಂದು ಅಳೆದು ತುಂಬುವ ಕ್ರಮವಿದೆ. ಕೊರತೆ ಇರುವುದು ನಮ್ಮ ನಡವಳಿಕೆಯಲ್ಲಿ. ಘಟನೆ ನಡೆಯುವುದು ವಾರ್ಡಿನಲ್ಲಿ, ನಮೂನೆ ತುಂಬಿ ಕಳಿಸುವುದು ರಕ್ತ ಕೇಂದ್ರ. ಇವೆರಡರ ನಡುವೆ ಮಾತಿಲ್ಲದ ಆಸ್ಪತ್ರೆಯಲ್ಲಿ ವರದಿ ಹುಟ್ಟುವುದೇ ಇಲ್ಲ. ವರ್ಷಕ್ಕೆ ಸಾವಿರಾರು ಚೀಲ ಬಳಸಿ ಒಂದೂ ಪ್ರತಿಕ್ರಿಯೆ ಇಲ್ಲ ಎಂದು ಬರೆಯುವ ಆಸ್ಪತ್ರೆಯನ್ನು ನಾನು ಸುರಕ್ಷಿತ ಎನ್ನಲಾರೆ. ಜ್ವರ, ಚಳಿ, ಮೈಮೇಲೆ ದದ್ದು ಎಲ್ಲಿಯೂ ಆಗುವಂಥವು. ಶೂನ್ಯ ಎಂದರೆ ಅಲ್ಲಿ ಯಾರೂ ನೋಡುತ್ತಿಲ್ಲ. ವರದಿ ಮಾಡಿದವರಿಗೆ ಶಿಕ್ಷೆಯಿಲ್ಲ ಎಂದು ಆಸ್ಪತ್ರೆಯ ಮುಖ್ಯಸ್ಥರು ಸಹಿ ಹಾಕಿ ವಾರ್ಡಿನ ಗೋಡೆಗೆ ಅಂಟಿಸಲಿ. ರಕ್ತ ವರ್ಗಾವಣೆ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿದಾಗ ಅದರಲ್ಲಿ ದಾದಿಯರೂ ಕೂರಲಿ. ಕಳಿಸಿದ ವರದಿಯಿಂದ ಏನು ಬದಲಾಯಿತೆಂದು ಕಳಿಸಿದವರಿಗೆ ತಿಳಿಸಲಿ. ಉತ್ತರ ಬಾರದ ಪತ್ರವನ್ನು ಯಾರು ತಾನೆ ಎರಡನೇ ಸಲ ಬರೆಯುತ್ತಾರೆ?

ಈ ನಿರ್ಲಕ್ಷ್ಯದ ಬೆಲೆ ಹೆಚ್ಚು ತೆರುವವರು ಥಲಸ್ಸೀಮಿಯಾ ಇರುವ ಮಕ್ಕಳು. ಎರಡು ಮೂರು ವಾರಕ್ಕೊಮ್ಮೆ ರಕ್ತ, ಬದುಕಿಡೀ. ವರ್ಷಕ್ಕೆ ಇಪ್ಪತ್ತು ಮೂವತ್ತು ಅಪರಿಚಿತರ ರಕ್ತ ಒಂದು ಮಗುವಿನ ಮೈಗೆ ಸೇರುತ್ತದೆ. 2011ರಲ್ಲಿ ಗುಜರಾತಿನ ಜುನಾಗಢದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ಇರುವುದು ಗೊತ್ತಾಗಿ ದೇಶ ಬೆಚ್ಚಿತು. ಯಾವ ಚೀಲದಿಂದ, ಯಾವ ದಾನಿಯಿಂದ ಎಂದು ಹಿಂದಕ್ಕೆ ಹುಡುಕಬೇಕಾದರೆ ಪ್ರತಿ ಚೀಲದ ನಂಬರ್ ಮಗುವಿನ ಕಡತದಲ್ಲಿ ಇರಬೇಕು, ಅದೇ ದಾನಿಯ ಉಳಿದ ಘಟಕಗಳು ಎಲ್ಲಿ ಹೋದವೆಂದು ಕೇಂದ್ರದಲ್ಲಿ ಇರಬೇಕು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದ ಒಂದು ಅವಧಿ ಇರುತ್ತದೆ. ಆ ದಾನಿ ಮುಂದಿನ ಸಲ ಬಂದಾಗ ಪಾಸಿಟಿವ್ ಎಂದು ಕಂಡರೆ, ಹಿಂದಿನ ಸಲ ಕೊಟ್ಟ ರಕ್ತ ಪಡೆದವರನ್ನು ಹುಡುಕಿ ತಿಳಿಸುವುದು ನಮ್ಮ ಹೊಣೆ. ತಾಯಂದಿರಿಗೆ ನಾನು ಹೇಳುವುದು ಇಷ್ಟು: ಒಂದು ನೋಟ್‌ಬುಕ್ ಇಡಿ, ಪ್ರತಿ ಸಲ ಚೀಲದ ನಂಬರನ್ನು ನೀವೇ ಬರೆದುಕೊಳ್ಳಿ. ಅದು ನಿಮ್ಮ ಹಕ್ಕು, ಕೇಳಲು ಸಂಕೋಚ ಬೇಡ.

ಇನ್ನು ರಕ್ತ ಕೊಡುವವರ ಬಗ್ಗೆ. 18ರಿಂದ 65 ವಯಸ್ಸು, ಕನಿಷ್ಠ 45 ಕೇಜಿ ತೂಕ, ಹಿಮೋಗ್ಲೋಬಿನ್ 12.5. ಶಿಬಿರದಲ್ಲಿ ಬೆರಳ ತುದಿಯ ಒಂದು ಹನಿಯನ್ನು ನೀಲಿ ಮೈಲುತುತ್ತದ ದ್ರಾವಣಕ್ಕೆ ಬಿಡುತ್ತಾರೆ. ಹನಿ ನೆಟ್ಟಗೆ ಮುಳುಗಿದರೆ ಸಾಕಷ್ಟಿದೆ. ತೇಲಿದರೆ, ನಡುವೆ ತಡವರಿಸಿದರೆ ಆ ದಾನಿಯನ್ನು ವಾಪಸು ಕಳಿಸಬೇಕು. ಸಂಖ್ಯೆಯ ಆಸೆಗೆ ತೇಲಿದ ಹನಿಯನ್ನು ಮುಳುಗಿತೆಂದು ಬರೆಯುವುದು ಪಾಪ. 350 ಎಂಎಲ್ ಕೊಟ್ಟಾಗ ಸುಮಾರು 150 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ, ಊಟದಿಂದ ದಿನಕ್ಕೆ ಮೈ ಸೇರುವುದು ಒಂದೆರಡು ಮಿಲಿಗ್ರಾಂ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಇಟ್ಟಿರುವುದು ಸುಮ್ಮನೆ ಅಲ್ಲ. ತಲೆಸುತ್ತಿ ಬೀಳುವುದು ಹೆಚ್ಚಾಗಿ ಮೊದಲ ಸಲ ಕೊಡುವ, ಚಿಕ್ಕ ವಯಸ್ಸಿನ, ಕಡಿಮೆ ತೂಕದವರು. ತಿಂಡಿ ತಿನ್ನದೆ ಬಂದವರಂತೂ ಸರಿಯೇ ಸರಿ. ಕೊಡುವ ಮುಂಚೆ ಅರ್ಧ ಲೀಟರ್ ನೀರು ಕುಡಿಸಿದರೆ ಇದು ಕಡಿಮೆಯಾಗುತ್ತದೆ. ಕೆಲವರಿಗೆ ಜ್ಯೂಸ್ ಕುಡಿದು, ಸರ್ಟಿಫಿಕೇಟ್ ಹಿಡಿದು, ಬೈಕ್ ಹತ್ತಿದ ಮೇಲೆ ಸುತ್ತು ಬರುತ್ತದೆ. ಶಿಬಿರ ಕಟ್ಟಿಕೊಂಡು ಹೋದ ತಂಡಕ್ಕೆ ಅದು ತಿಳಿಯುವುದೇ ಇಲ್ಲ. ಮರುದಿನ ಒಂದು ಫೋನ್ ಮಾಡಿ ಕೇಳಿದರೆ ತಿಳಿಯುತ್ತದೆ.

ದಾನಿ ತಾನೇ ಫೋನ್ ಮಾಡುವಂತೆಯೂ ಇರಬೇಕು. ಗೆಳೆಯರ ಸಾಲಿನಲ್ಲಿ ನಿಂತ ಹುಡುಗ ಪ್ರಶ್ನಾವಳಿಯ ಎಲ್ಲ ಪ್ರಶ್ನೆಗೂ ಎಲ್ಲರೆದುರು ನಿಜ ಹೇಳಲಾರ. ಪರದೆ ಎಳೆದು, ಒಬ್ಬನೇ ಕೂರಿಸಿ ಕೇಳಬೇಕು. ಮನೆಗೆ ಹೋದ ಮೇಲೆ ನನ್ನ ರಕ್ತ ಬಳಸಬೇಡಿ ಎಂದು ಕಾರಣ ಹೇಳದೆ ತಿಳಿಸುವ ಅವಕಾಶವೂ ಇರಬೇಕು. ಮಳೆಗಾಲದಲ್ಲಿ ಬೆಂಗಳೂರಿನಂಥ ಊರುಗಳಲ್ಲಿ ಡೆಂಗಿ ಹರಡಿರುತ್ತದೆ; ಇವತ್ತು ರಕ್ತ ಕೊಟ್ಟ ಹುಡುಗಿಗೆ ನಾಳಿದ್ದು ಜ್ವರ ಬಂದರೆ ಆ ಚೀಲ ಇನ್ನೂ ಫ್ರಿಜ್ಜಿನಲ್ಲೇ ಇರುವ ಸಾಧ್ಯತೆ ಹೆಚ್ಚು. ದಾನಿಗೆ ಕೊಡುವ ಕಾರ್ಡಿನ ಹಿಂದೆ, ಹಗಲೂ ರಾತ್ರಿಯೂ ಎತ್ತುವ ಒಂದು ಫೋನ್ ನಂಬರನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಜ್ವರ ಬಂದರೆ, ಗಂಟಲು ಕೆಟ್ಟರೆ, ಹೇಳದೆ ಬಿಟ್ಟದ್ದೇನಾದರೂ ನೆನಪಾದರೆ ಈ ನಂಬರಿಗೆ ತಿಳಿಸಿ ಎಂದು ಅದರ ಕೆಳಗೆ ಬರೆಸಿ. ಫೋನ್ ಎತ್ತಿದವರು ಆ ಚೀಲದ ನಂಬರ್ ಕೇಳಿ, ಅದನ್ನು ಬೇರೆ ಖಾನೆಯಲ್ಲಿ ಇರಿಸಿ, ದಾನಿಯ ಹೆಸರಿನ ಮುಂದೆ ದಿನಾಂಕ ಹಾಕಿ ಬರೆದುಕೊಳ್ಳಲಿ.